ಸೈಕಲ್‌ಗೆ ದಾರಿ ಬಿಟ್ಟರೆ ಅಂಗಡಿಗೆ ನಷ್ಟವಾಗುತ್ತದೆಯೇ?

ಪ್ರಶ್ನೆ: ಬಳ್ಳಾರಿಯ ಬೆಂಗಳೂರು ರಸ್ತೆಯ ಹತ್ತಿರ ನಮ್ಮದೊಂದು ಪಾತ್ರೆ ಅಂಗಡಿ ಇದೆ. ಮಗಳು ಕಾಲೇಜಿಗೆ ಸೈಕಲ್‌ನಲ್ಲಿ ಹೋಗಿಬರುತ್ತಾಳೆ; ಅವಳು ಮನೆ ಸೇರುವವರೆಗೆ ನಮಗೆ ಸಮಾಧಾನವಿರುವುದಿಲ್ಲ. ಮುಖ್ಯ ರಸ್ತೆಗಳಲ್ಲಿ ಸೈಕಲ್ ಪಥ ಮಾಡಬೇಕೆಂದು ಮಹಾನಗರ ಪಾಲಿಕೆಗೆ ಮನವಿ ಕೊಡಲು ನಮ್ಮ ಬಡಾವಣೆಯ ಕೆಲವರು ಹೊರಟಿದ್ದಾರೆ. ನನ್ನ ಸಹಿಯನ್ನೂ ಕೇಳಿದ್ದಾರೆ. ಆದರೆ ಅಂಗಡಿಯ ಮುಂದೆ ಗಾಡಿ ನಿಲ್ಲಿಸುವ ಜಾಗ ಹೋದರೆ ಗಿರಾಕಿಗಳು ಬರುವುದಿಲ್ಲ, ಸರಕಿನ ಗಾಡಿಗೆ ಜಾಗ ಇರುವುದಿಲ್ಲ ಎಂದು ಅಕ್ಕಪಕ್ಕದ ವ್ಯಾಪಾರಿಗಳು ಹೇಳುತ್ತಾರೆ. ಈ ವಿಷಯದಲ್ಲಿ ಪಾಲಿಕೆಗೆ ನಿಜವಾಗಿ ಎಷ್ಟು ಅಧಿಕಾರವಿದೆ? ಎಲ್ಲರಿಗೂ ಸರಿಹೋಗುವ ನೀತಿ ಹೇಗಿರಬೇಕು?

ಉತ್ತರ: ಸಹಿ ಹಾಕಿ, ಆದರೆ ಹಾಕುವ ಮೊದಲು ಮನವಿಯ ಒಕ್ಕಣೆಯನ್ನು ತಿದ್ದಿಸಿ. ‘ಮುಖ್ಯ ರಸ್ತೆಗಳಲ್ಲಿ ಸೈಕಲ್ ಪಥ ಮಾಡಿಕೊಡಿ’ ಎಂಬ ಒಂದು ಸಾಲಿನ ಬೇಡಿಕೆ ಸಾಮಾನ್ಯವಾಗಿ ರಸ್ತೆಯ ಅಂಚಿಗೆ ಬಣ್ಣದ ಪಟ್ಟಿ ಬಳಿದು, ಅದರ ಮೇಲೆ ಸೈಕಲ್ ಚಿತ್ರ ಬಿಡಿಸುವಲ್ಲಿಗೆ ಮುಗಿಯುತ್ತದೆ. ಕೆಲವೇ ದಿನಗಳಲ್ಲಿ ಆ ಪಟ್ಟಿಯ ಮೇಲೆ ಕಾರುಗಳು ನಿಂತಿರುತ್ತವೆ, ನಿಮ್ಮ ಮಗಳು ಮೊದಲಿನಂತೆಯೇ ಲಾರಿಯ ಪಕ್ಕದಲ್ಲಿ ಹೋಗುತ್ತಿರುತ್ತಾಳೆ, ನಿಮ್ಮ ನೆರೆಯ ವ್ಯಾಪಾರಿಗಳಿಗೆ ಮಾತ್ರ ಸೈಕಲ್‌ನವರಿಂದ ತಮ್ಮ ಜಾಗ ಹೋಯಿತೆಂಬ ಸಿಟ್ಟು ಉಳಿದಿರುತ್ತದೆ.

ಬೀದಿಯ ಅಗಲವನ್ನು ಎಲ್ಲ ಬಳಕೆದಾರರಿಗೂ ಸಮನಾಗಿ ಹಂಚುವುದೇ ನ್ಯಾಯವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಡಿಕ್ಕಿಯಾದಾಗ ಯಾರಿಗೆ ಪೆಟ್ಟು ಹೆಚ್ಚೋ ಅವರ ಸುರಕ್ಷತೆ ಮೊದಲು ಬರಬೇಕು. ವ್ಯಾಪಾರ ನಡೆಯಲು ಬೇಕಾದ ಸರಕು ಇಳಿಸುವ, ಏರಿಸುವ ಕೆಲಸಕ್ಕೆ ಅದರ ನಂತರದ ಸ್ಥಾನ, ದಿನವಿಡೀ ಅಲುಗಾಡದೆ ನಿಲ್ಲುವ ವಾಹನಕ್ಕೆ ಕೊನೆಯ ಸ್ಥಾನ. ಈ ಕ್ರಮವನ್ನು ಪಾಲಿಕೆಯು ಬರಹದಲ್ಲಿ ಒಪ್ಪಿಕೊಂಡು ನಿರ್ಣಯ ಮಾಡಿದರೆ ಉಳಿದ ವಿವರಗಳನ್ನು ಮಾತುಕತೆಯಲ್ಲಿ ಬಗೆಹರಿಸಬಹುದು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ರಸ್ತೆಯ ಜಾಗವನ್ನು ವಾಹನಗಳ ಲೆಕ್ಕದಲ್ಲಿ ಅಲ್ಲ, ಜನರ ಲೆಕ್ಕದಲ್ಲಿ ಹಂಚಬೇಕೆಂದೇ ಹೇಳುತ್ತದೆ.

ಬಳ್ಳಾರಿಯಲ್ಲಿ ಸೈಕಲ್ ಹೊಸದಾಗಿ ಕಲಿಸಬೇಕಾದ ಸಂಗತಿಯಲ್ಲ ಎಂಬುದನ್ನು ಮೊದಲು ಗಮನಿಸಬೇಕು. 2011ರ ಜನಗಣತಿಯ ಪ್ರಕಾರ ಕೃಷಿಯೇತರ ಕೆಲಸಕ್ಕೆ ಹೋಗುವ ಭಾರತೀಯರಲ್ಲಿ ನೂರಕ್ಕೆ ಸುಮಾರು 13 ಜನ ಸೈಕಲ್‌ನಲ್ಲಿ ಹೋಗುತ್ತಿದ್ದರು. ನಮ್ಮ ಊರಿನಲ್ಲಿ ಜೀನ್ಸ್ ಹೊಲಿಗೆ ಘಟಕಗಳಿಗೆ ಹೋಗುವವರು, ಎಪಿಎಂಸಿಯ ಹಮಾಲರು, ಬೆಳಗಿನ ಹಾಲು ಮತ್ತು ಪತ್ರಿಕೆ ಹಾಕುವ ಹುಡುಗರು, ಸರ್ಕಾರಿ ಶಾಲೆಯ ಮಕ್ಕಳು, ಗಲ್ಲಿ ಗಲ್ಲಿ ತಿರುಗಿ ಸೊಪ್ಪು ಮಾರುವವರು ಸೈಕಲ್ ತುಳಿಯುತ್ತಲೇ ಇದ್ದಾರೆ. ಸೈಕಲ್ ದಿನವೆಂದು ಟೀ ಶರ್ಟ್ ಹಂಚಿ ಜಾಥಾ ನಡೆಸುವ ಕಾರ್ಯಕ್ರಮಗಳಿಗೆ ಇವರಲ್ಲಿ ಯಾರೂ ಬರುವುದಿಲ್ಲ, ಆ ಹೊತ್ತಿಗೆ ಅವರು ಕೆಲಸದಲ್ಲಿರುತ್ತಾರೆ. ಆದ್ದರಿಂದ ‘ಪ್ರೋತ್ಸಾಹ’ ಎಂಬುದು ಈಗಾಗಲೇ ತುಳಿಯುತ್ತಿರುವವರು ಬೈಕ್ ಕೊಳ್ಳುವ ಅನಿವಾರ್ಯತೆಗೆ ಬೀಳದಂತೆ ನೋಡಿಕೊಳ್ಳುವುದರಿಂದ ಆರಂಭವಾಗಬೇಕು. ರಾಜ್ಯ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತು. ಕೋವಿಡ್ ಕಾಲದಲ್ಲಿ ಅದು ನಿಂತಿತು. ಆ ಯೋಜನೆ ಲಕ್ಷಾಂತರ ಹೆಣ್ಣುಮಕ್ಕಳಿಗೆ ವಾಹನವನ್ನು ಕೊಟ್ಟಿತಾದರೂ ಅದನ್ನು ನಿರ್ಭಯವಾಗಿ ಓಡಿಸುವ ರಸ್ತೆಯನ್ನು ಕೊಡುವುದು ಸ್ಥಳೀಯ ಸಂಸ್ಥೆಗಳ ಪಾಲಿಗೆ ಉಳಿದ ಕೆಲಸವಾಗಿತ್ತು, ಮತ್ತು ಆ ಕೆಲಸ ಹಾಗೆಯೇ ಉಳಿದಿದೆ.

ಈಗ ಅಧಿಕಾರದ ಪ್ರಶ್ನೆ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಂತೆ ನಗರದೊಳಗಿನ ಸಾರ್ವಜನಿಕ ಬೀದಿಗಳ ನಿರ್ಮಾಣ, ದುರಸ್ತಿ, ದೀಪ, ಚರಂಡಿ ಮತ್ತು ಒತ್ತುವರಿ ತೆರವು ಪಾಲಿಕೆಯ ಹೊಣೆ. ಫುಟ್‌ಪಾತ್ ಎಷ್ಟು ಅಗಲವಿರಬೇಕು, ಸೈಕಲ್‌ಗೆ ಪ್ರತ್ಯೇಕ ಪಟ್ಟಿ ಎಲ್ಲಿ ಹಾಕಬೇಕು ಎಂಬುದನ್ನು ಇಂಥ ಬೀದಿಗಳಲ್ಲಿ ಪಾಲಿಕೆಯೇ ತೀರ್ಮಾನಿಸಬಹುದು. ಆದರೆ ನಗರವನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 67 ಮತ್ತು 150ಎ, ಹಾಗೆಯೇ ಲೋಕೋಪಯೋಗಿ ಇಲಾಖೆಯ ರಸ್ತೆಗಳು ಪಾಲಿಕೆಯ ಕೈಯಲ್ಲಿಲ್ಲ. ವಾಹನಗಳ ವೇಗದ ಮಿತಿ, ಏಕಮುಖ ಸಂಚಾರ, ಲಾರಿಗಳ ಪ್ರವೇಶದ ಸಮಯ ಇವು 1988ರ ಮೋಟಾರು ವಾಹನ ಕಾಯ್ದೆಯ 112 ಮತ್ತು 115ನೇ ಕಲಂಗಳಿಗೆ ಸೇರಿದವು. ಜಿಲ್ಲೆಯ ಮಟ್ಟದಲ್ಲಿ ಇವುಗಳ ಬಗ್ಗೆ ಜಿಲ್ಲಾಧಿಕಾರಿ, ಪೊಲೀಸ್ ಮತ್ತು ಸಾರಿಗೆ ಇಲಾಖೆ ಸೇರಿ ತೀರ್ಮಾನಿಸುತ್ತವೆ. ಮನವಿಯನ್ನು ಪಾಲಿಕೆ ಆಯುಕ್ತರಿಗೆ ಮಾತ್ರ ಕೊಟ್ಟರೆ ಅರ್ಧ ಕೆಲಸ ಅವರ ಮೇಜಿನಲ್ಲೇ ನಿಲ್ಲುತ್ತದೆ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಅದರ ಪ್ರತಿ ಹೋಗಬೇಕು, ಏಕೆಂದರೆ ಈ ಎಲ್ಲ ಇಲಾಖೆಗಳು ಒಂದೇ ಕಡೆ ಕೂರುವುದು ಅಲ್ಲಿ ಮಾತ್ರ. 2019ರ ತಿದ್ದುಪಡಿಯಿಂದ ಕಾಯ್ದೆಗೆ ಸೇರಿದ 138(1ಎ) ಕಲಂ, ಪಾದಚಾರಿಗಳು ಮತ್ತು ಮೋಟಾರಿಲ್ಲದ ವಾಹನಗಳ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಅಂಥ ನಿಯಮಗಳನ್ನು ಆರು ತಿಂಗಳೊಳಗೆ ರೂಪಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ರಾಜ್ಯಗಳಿಗೆ ನಿರ್ದೇಶನ ನೀಡಿತು. ನಿಮ್ಮ ಮನವಿಯಲ್ಲಿ ಈ ಕಲಂ ಅನ್ನು ಹೆಸರಿಸಿದರೆ ಅದಕ್ಕೆ ತೂಕ ಬರುತ್ತದೆ.

ಪ್ರತ್ಯೇಕ ಪಥಕ್ಕಿಂತ ಮೊದಲು ಕೇಳಬೇಕಾದದ್ದು ವೇಗದ ಮಿತಿ. ಕೇಂದ್ರ ಸಾರಿಗೆ ಸಚಿವಾಲಯದ 2018ರ ಅಧಿಸೂಚನೆಯಂತೆ ನಗರ ಮಿತಿಯೊಳಗೆ ಕಾರುಗಳಿಗೆ ಗಂಟೆಗೆ 70 ಕಿಲೋಮೀಟರ್, ಬೈಕ್ ಮತ್ತು ಸರಕು ವಾಹನಗಳಿಗೆ 60 ಕಿಲೋಮೀಟರ್ ಗರಿಷ್ಠ ಮಿತಿ. ಇದು ದೇಶಕ್ಕೆಲ್ಲ ಹಾಕಿದ ಮೇಲಿನ ಗೆರೆ ಮಾತ್ರ. ಸ್ಥಳೀಯ ಪರಿಸ್ಥಿತಿ ನೋಡಿ ಇದಕ್ಕಿಂತ ಕಡಿಮೆ ನಿಗದಿಪಡಿಸಲು ಕಾನೂನಿನಲ್ಲೇ ಅವಕಾಶವಿದೆ. ಡಿಕ್ಕಿಯ ರಭಸವು ವೇಗದ ವರ್ಗಕ್ಕೆ, ಅಂದರೆ ವೇಗವನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ, ಅನುಗುಣವಾಗಿ ಏರುವುದರಿಂದ 50 ಕಿಲೋಮೀಟರ್ ವೇಗದ ಕಾರು 30 ಕಿಲೋಮೀಟರ್ ವೇಗದ ಕಾರಿಗಿಂತ ಸುಮಾರು ಎರಡೂ ಮುಕ್ಕಾಲು ಪಟ್ಟು ಹೆಚ್ಚು ಶಕ್ತಿಯಿಂದ ಹೊಡೆಯುತ್ತದೆ. ಪಾದಚಾರಿಗಳು, ಸೈಕಲ್‌ನವರು ಮತ್ತು ಮೋಟಾರು ವಾಹನಗಳು ಬೆರೆತು ಓಡಾಡುವ ಕಡೆ 30ರ ಮಿತಿ ಇರಬೇಕೆಂದು ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನ ಹೊರಡಿಸಿದ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಇದೇ ಕಾರಣದಿಂದ. ಬ್ರೂಸ್‌ಪೇಟೆ, ಕೌಲ್ ಬಜಾರ್, ತೇರು ಬೀದಿಯಂಥ ಕಡೆಗಳಲ್ಲಿ ಹಗಲು ಹೊತ್ತು ಯಾವ ವಾಹನವೂ 30ಕ್ಕಿಂತ ವೇಗವಾಗಿ ಹೋಗಲಾರದು. ಅಲ್ಲಿ ಈ ಮಿತಿಯಿಂದ ಯಾರಿಗೂ ನಷ್ಟವಿಲ್ಲ. ರಾತ್ರಿ ಒಂಬತ್ತರ ನಂತರ, ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಓಡಿಸುವವರಿಗೆ ಮಾತ್ರ ಅದು ತಡೆಯಾಗುತ್ತದೆ, ಮತ್ತು ಹಾಲು, ಪತ್ರಿಕೆಯ ಹುಡುಗರು ರಸ್ತೆಯಲ್ಲಿರುವುದು ಆ ಜಾವದಲ್ಲೇ. ಫಲಕ ಒಂದನ್ನೇ ನೆಟ್ಟು ವೇಗ ಇಳಿಸಲಾಗದು ಎಂಬುದೂ ನಿಜ. ಸರ್ಕಲ್‌ಗಳಲ್ಲಿ ತಿರುವಿನ ಮೂಲೆಯನ್ನು ಕಿರಿದು ಮಾಡುವುದು, ಪಾದಚಾರಿಗಳು ದಾಟುವ ಜಾಗವನ್ನು ಫುಟ್‌ಪಾತ್‌ನ ಮಟ್ಟಕ್ಕೆ ಎತ್ತರಿಸುವುದು ಇಂಥ ನಿರ್ಮಾಣಗಳೂ ಬೇಕು. ಒಂದರ ಹಿಂದೊಂದು ಅಳತೆ ತಪ್ಪಿದ ಹಂಪ್ಸ್ ಹಾಕುವುದು ಮಾತ್ರ ಬೇಡ; ಅವು ಬೈಕಿಗಿಂತ ಹೆಚ್ಚಾಗಿ ಕ್ಯಾರಿಯರ್ ತುಂಬ ಸಾಮಾನು ಕಟ್ಟಿಕೊಂಡ ಸೈಕಲ್‌ನವನನ್ನೇ ಬೀಳಿಸುತ್ತವೆ.

ಪ್ರತ್ಯೇಕ ಪಥ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದಕ್ಕೆ, ದೇಶದ ರಸ್ತೆಗಳ ಮಾನದಂಡಗಳನ್ನು ರೂಪಿಸುವ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಒಂದು ಅಳತೆಗೋಲು ಕೊಟ್ಟಿದೆ. ದಟ್ಟಣೆಯ ಗಂಟೆಯಲ್ಲಿ 200ಕ್ಕಿಂತ ಹೆಚ್ಚು ಮೋಟಾರು ವಾಹನಗಳು ಓಡಾಡುವ ರಸ್ತೆಯಲ್ಲಿ ಗಂಟೆಗೆ 100 ಸೈಕಲ್‌ಗಳಿದ್ದರೂ ಪ್ರತ್ಯೇಕ ಪಥ ಸಮರ್ಥನೀಯ. ಆ ಪಥ ಕನಿಷ್ಠ 2 ಮೀಟರ್ ಅಗಲವಿರಬೇಕು. ಇದನ್ನು ನಮ್ಮ ರಸ್ತೆಗಳಿಗೆ ಹಚ್ಚಿ ನೋಡೋಣ. 60 ಅಡಿ, ಅಂದರೆ ಸುಮಾರು 18 ಮೀಟರ್ ಅಗಲದ ರಸ್ತೆಯಲ್ಲಿ ಎರಡೂ ಬದಿಗೆ 1.8 ಮೀಟರ್ ಫುಟ್‌ಪಾತ್ ಮತ್ತು 2 ಮೀಟರ್ ಸೈಕಲ್ ಪಥ ಬಿಟ್ಟರೆ ಹತ್ತೂವರೆ ಮೀಟರ್ ಉಳಿಯುತ್ತದೆ. ಎರಡು ದಿಕ್ಕಿನ ವಾಹನಗಳಿಗೆ 7 ಮೀಟರ್ ಕೊಟ್ಟ ಮೇಲೂ ಒಂದು ಬದಿಯಲ್ಲಿ ಎರಡೂವರೆ ಮೀಟರ್ ಅಗಲದ ನಿಲುಗಡೆ ಪಟ್ಟಿಗೆ ಮತ್ತು ಗಿಡಗಳಿಗೆ ಜಾಗವಿದೆ. ಅದೇ 40 ಅಡಿಯ ರಸ್ತೆಯಲ್ಲಿ ಈ ಲೆಕ್ಕ ಹೊಂದುವುದಿಲ್ಲ; ಅಲ್ಲಿ ಬಲವಂತವಾಗಿ ಪಥ ತುರುಕಿದರೆ ಫುಟ್‌ಪಾತ್ ಸಾಯುತ್ತದೆ. ಪಾದಚಾರಿಯ ಜಾಗವನ್ನು ಕಸಿದು ಸೈಕಲ್‌ಗೆ ಕೊಡುವುದನ್ನು ನಾನು ಯಾವ ಸಂದರ್ಭದಲ್ಲೂ ಬೆಂಬಲಿಸುವುದಿಲ್ಲ. ಅಡೆತಡೆಯಿಲ್ಲದ ಫುಟ್‌ಪಾತ್‌ನಲ್ಲಿ ನಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. 40 ಅಡಿಯ ಬೀದಿಗಳಿಗೆ 30ರ ವೇಗಮಿತಿ, ಒಂದೇ ಬದಿಯ ನಿಲುಗಡೆ ಮತ್ತು ಹಗಲಿನಲ್ಲಿ ಲಾರಿ ನಿಷೇಧ, ಈ ಮೂರೇ ಸರಿಯಾದ ಮದ್ದು.

ನಿಮ್ಮ ಅಂಗಡಿಯ ಮಾತಿಗೆ ಬರುತ್ತೇನೆ. ವ್ಯಾಪಾರಿಗಳ ಭಯವನ್ನು ತಳ್ಳಿಹಾಕುವವರು ವ್ಯಾಪಾರ ಮಾಡಿದವರಲ್ಲ. ಆ ಭಯ ಸಹಜವಾದದ್ದು. ಆದರೆ ಅದನ್ನು ಲೆಕ್ಕ ಹಾಕಿ ನೋಡಬೇಕು. ನಿಮ್ಮ ಸಾಲಿನ ಅಂಗಡಿಗಳ ಮುಂದೆ ನಿಲ್ಲುವ ಗಾಡಿಗಳ ಸಂಖ್ಯೆಯನ್ನು ವಾರದ ಒಂದು ಸಾಮಾನ್ಯ ದಿನ, ಒಂದು ಸಂತೆಯ ದಿನ ಅರ್ಧ ಗಂಟೆಗೊಮ್ಮೆ ಬರೆದಿಡಿ. ಪೇಟೆ ಬೀದಿಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕದಲದೆ ನಿಂತಿರುವವು ಬಹಳಷ್ಟು ಸಲ ಅಂಗಡಿ ಮಾಲೀಕರ ಮತ್ತು ಕೆಲಸಗಾರರ ಬೈಕುಗಳೇ ಆಗಿರುತ್ತವೆ. ಒಂದು ಜಾಗದಲ್ಲಿ ಗಿರಾಕಿಯೊಬ್ಬ ಅರ್ಧ ಗಂಟೆ ಗಾಡಿ ನಿಲ್ಲಿಸಿ ಹೋಗುವುದಾದರೆ ಹತ್ತು ಗಂಟೆಯ ವ್ಯಾಪಾರದಲ್ಲಿ ಆ ಜಾಗ ಇಪ್ಪತ್ತು ಗಿರಾಕಿಗಳಿಗೆ ಒದಗುತ್ತದೆ. ಅಲ್ಲಿ ನಿಮ್ಮದೇ ಗಾಡಿ ನಿಂತರೆ ಒಬ್ಬರಿಗೂ ಇಲ್ಲ. ಆದ್ದರಿಂದ ನಿಲುಗಡೆ ಪಟ್ಟಿ ಅರ್ಧ ಉಳಿದರೂ ಅರ್ಧ ಗಂಟೆ ಉಚಿತ, ನಂತರ ಗಂಟೆಗೊಮ್ಮೆ ಏರುವ ಶುಲ್ಕ ಎಂಬ ನಿಯಮ ಬಂದರೆ ಗಿರಾಕಿಗಳಿಗೆ ಸಿಗುವ ಜಾಗ ಕಡಿಮೆಯಾಗುವ ಬದಲು ಹೆಚ್ಚಬಹುದು. ಒಂದು ಕಾರಿನ ಜಾಗದಲ್ಲಿ ಎಂಟು ಹತ್ತು ಸೈಕಲ್‌ಗಳು ನಿಲ್ಲುತ್ತವೆ ಎಂಬುದನ್ನೂ ವ್ಯಾಪಾರಿಗಳ ಸಂಘದ ಸಭೆಯಲ್ಲಿ ಹೇಳಬೇಕು. ದಿನಸಿ, ಪಾತ್ರೆ, ಔಷಧಿಯ ಅಂಗಡಿಗೆ ಹತ್ತಿರದ ಓಣಿಯಿಂದ ಬರುವ ಗಿರಾಕಿಗೆ ಕಾರು ಬೇಕಾಗಿಲ್ಲ. ಕಟ್ಟಿದ ಕಬ್ಬಿಣದ ಸ್ಟ್ಯಾಂಡಿಗೆ ಬೀಗ ಹಾಕಿ ಸೈಕಲ್ ಬಿಡಲು ಒಂದು ಜಾಗ, ಮೇಲೊಂದು ನೆರಳು ಇದ್ದರೆ ಸಾಕು.

ಸರಕಿನ ಗಾಡಿಗಳ ಸಮಸ್ಯೆ ಇದಕ್ಕಿಂತ ಕಠಿಣ. ಟಾಟಾ ಏಸ್‌ಗಳಿಗೆ ನಿರ್ದಿಷ್ಟ ಲೋಡಿಂಗ್ ಜಾಗವನ್ನು ಗುರುತಿಸಿ, ದೊಡ್ಡ ಲಾರಿಗಳಿಗೆ ಬೆಳಿಗ್ಗೆ ಎಂಟರೊಳಗೆ ಮತ್ತು ರಾತ್ರಿ ಒಂಬತ್ತರ ನಂತರ ಸಮಯ ಕೊಡುವುದು ರೂಢಿಯ ಪರಿಹಾರ. ಮಧ್ಯಾಹ್ನ ಪೇಟೆ ಖಾಲಿಯಿರುತ್ತದೆ, ಆಗಲೂ ಬಿಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಹಮಾಲರ ತಲೆಯ ಮೇಲೆ ಆ ಹೊತ್ತಿನ ಹೊರೆ ಹೇರುವುದು ನನಗೆ ಸರಿಯೆನಿಸುವುದಿಲ್ಲ. ಸಂಚಾರದ ಅನುಕೂಲಕ್ಕಾಗಿ ಒಬ್ಬ ಕೂಲಿಯವನ ಆರೋಗ್ಯ ಕೆಡಬಾರದು. ತಳ್ಳುಗಾಡಿಯವರ ವಿಷಯದಲ್ಲೂ ಹೀಗೆಯೇ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡ 40ರಷ್ಟು ಬೀದಿ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು. ಸೈಕಲ್ ಪಥದ ನಕ್ಷೆ ಆ ಸಮಿತಿಯ ಮುಂದೆ ಬಾರದೆ ತಳ್ಳುಗಾಡಿಗಳನ್ನು ಎಬ್ಬಿಸಿದರೆ ಒಂದು ವಾರದಲ್ಲಿ ಅವರು ಸೈಕಲ್ ಪಥದ ಮೇಲೆಯೇ ಬಂದು ನಿಲ್ಲುತ್ತಾರೆ, ಬೇರೆ ಜಾಗ ತೋರಿಸದ ಮೇಲೆ ಅವರನ್ನು ದೂರುವಂತೆಯೂ ಇಲ್ಲ.

ಬೇರೆ ಊರುಗಳ ಅನುಭವವನ್ನು ನೋಡಿ ಕಲಿಯಬೇಕಾದದ್ದು ಸಾಕಷ್ಟಿದೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಪ್ಲಾಸ್ಟಿಕ್ ಕಂಬಗಳನ್ನು ನೆಟ್ಟು ಸೈಕಲ್ ಪಥ ಮಾಡಿದರು. ವಾಹನಗಳು ಗುದ್ದಿ ಕಂಬಗಳು ಮುರಿದವು, ಮೆಟ್ರೊ ಕಾಮಗಾರಿಯಲ್ಲಿ ಉಳಿದವೂ ಹೋದವು. ದೆಹಲಿಯಲ್ಲಿ ಬಸ್ಸುಗಳಿಗೇ ಮೀಸಲಿಟ್ಟ ಪಥವಾದ ಬಸ್ ಕಾರಿಡಾರ್ ಪಕ್ಕದ ಸೈಕಲ್ ಪಥಕ್ಕೆ ಬೈಕುಗಳು ನುಗ್ಗುತ್ತಿದ್ದವು. ಇಡೀ ಕಾರಿಡಾರನ್ನೇ ಕೊನೆಗೆ ಕೆಡವಲಾಯಿತು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಆರಂಭವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಯೋಜನೆ ಒಳ್ಳೆಯ ಪ್ರಯತ್ನ. ಆದರೂ ಬಳ್ಳಾರಿಯ ಪಾಲಿಕೆ ಅಂಥದ್ದನ್ನು ಮೊದಲ ಹೆಜ್ಜೆಯಾಗಿ ಇಡಬಾರದೆಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ಸೈಕಲ್‌ಗಳ ಕೊರತೆಯಿಲ್ಲ. ರಿಪೇರಿ, ಸಾಗಾಟ, ಉಸ್ತುವಾರಿಗೆ ವರ್ಷವರ್ಷವೂ ಹಣ ಬೇಡುವ ಯೋಜನೆಗಿಂತ ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣದಲ್ಲಿ ಕಾವಲಿರುವ, ಕಡಿಮೆ ದರದ ಸೈಕಲ್ ಸ್ಟ್ಯಾಂಡ್ ಹೆಚ್ಚು ಜನರಿಗೆ ಒದಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಗಿರುವಾಗ, ಮನೆಯಿಂದ ಬಸ್‌ವರೆಗಿನ ಎರಡು ಮೂರು ಕಿಲೋಮೀಟರ್‌ಗೆ ಆಟೊಗೆ ಕೊಡುವ ಹಣವೇ ದುಡಿಯುವ ಹೆಂಗಸರ ದೊಡ್ಡ ಖರ್ಚು. ಆ ಅಂತರಕ್ಕೆ ಸೈಕಲ್ ಹೇಳಿ ಮಾಡಿಸಿದ್ದು.

ನಮ್ಮ ಊರಿಗೇ ವಿಶೇಷವಾದ ಕೆಲವು ಸಂಗತಿಗಳನ್ನು ನಕ್ಷೆ ಮಾಡುವವರು ಮರೆಯಬಾರದು. ಬಿಸಿಲಿನ ಊರಿನಲ್ಲಿ ನೆರಳಿಲ್ಲದ ಸೈಕಲ್ ಪಥವನ್ನು ಬೆಳಿಗ್ಗೆ ಹತ್ತರ ನಂತರ ಯಾರೂ ಬಳಸುವುದಿಲ್ಲ. ಉತ್ತರ ದಕ್ಷಿಣವಾಗಿ ಹೋಗುವ ರಸ್ತೆಯಲ್ಲಿ ಪಥದ ಪಶ್ಚಿಮ ಅಂಚಿಗೆ ಬೇವು, ಹೊಂಗೆ ಹಾಕಿದರೆ ಮಧ್ಯಾಹ್ನದ ನಂತರದ ಬಿಸಿಲಿಗೆ ನೆರಳು ಪಥದ ಮೇಲೆ ಬೀಳುತ್ತದೆ. ಅಲಂಕಾರಕ್ಕೆಂದು ನೆಡುವ ತಾಳೆ ಜಾತಿಯ ಗಿಡಗಳಿಂದ ಆ ಪ್ರಯೋಜನ ಇಲ್ಲ. ಸಂಗನಕಲ್ಲು ರಸ್ತೆ, ಸಿರುಗುಪ್ಪ ರಸ್ತೆಯಂಥ ಊರ ಹೊರಗಿನ ದಾರಿಗಳಲ್ಲಿ ನಮ್ಮ ಊರಿನ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ಅಂಚಿಗೆ ಬೆಳೆದರೆ ಸೈಕಲ್‌ನವರು ರಸ್ತೆಯ ನಡುವಿಗೆ ಬರಬೇಕಾಗುತ್ತದೆ, ಬಿದ್ದ ಮುಳ್ಳಿನಿಂದ ಚಕ್ರ ಪಂಕ್ಚರ್ ಆಗುತ್ತದೆ. ಜಾಲಿ ಕಡಿದು ಅಂಚನ್ನು ಗುಡಿಸಿಡುವುದು ಯಾವ ಟೆಂಡರೂ ಬೇಡದ ಕೆಲಸ. ರೈಲು ಹಳಿಗಳು ನಗರವನ್ನು ಸೀಳಿರುವುದರಿಂದ ದುರ್ಗಮ್ಮ ದೇವಸ್ಥಾನದ ಬಳಿಯ ಕೆಳಸೇತುವೆಯಂಥ ಕೆಲವೇ ಕಿಂಡಿಗಳಲ್ಲಿ ಎಲ್ಲರೂ ನುಗ್ಗಬೇಕು. ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತದೆ. ಇಡೀ ರಸ್ತೆಗೆ ಪಥ ಮಾಡಿ ಇಂಥ ಕಿಂಡಿಯಲ್ಲಿ ಕೈಬಿಟ್ಟರೆ ಪೋಷಕರು ಮಕ್ಕಳನ್ನು ಸೈಕಲ್‌ನಲ್ಲಿ ಕಳಿಸುವುದಿಲ್ಲ, ಏಕೆಂದರೆ ಒಂದು ದಾರಿಯ ಸುರಕ್ಷತೆಯನ್ನು ಅದರ ಅತ್ಯಂತ ಅಪಾಯದ ನೂರು ಅಡಿ ತೀರ್ಮಾನಿಸುತ್ತದೆ. ಹಾಗಾಗಿ ಹಣ ಕಡಿಮೆಯಿದ್ದರೆ ಮೊದಲು ಕೆಳಸೇತುವೆ ಮತ್ತು ಸರ್ಕಲ್‌ಗಳನ್ನು ಸರಿಪಡಿಸಿ, ನೇರ ರಸ್ತೆಯನ್ನು ಆಮೇಲೆ ನೋಡಿಕೊಳ್ಳಿ ಎಂದೇ ನಾನು ಸಲಹೆ ಕೊಡುತ್ತೇನೆ.

ಪಥದ ಬಾಯಿಗೆ ನೆಡುವ ಕಂಬಗಳ ಅಂತರ ಚಿಕ್ಕ ವಿಷಯದಂತೆ ಕಂಡರೂ ಬಹಳ ಮುಖ್ಯ. ತೀರ ಅಗಲವಾದರೆ ಆಟೊಗಳು ನುಗ್ಗುತ್ತವೆ. ತೀರ ಕಿರಿದಾದರೆ ಅಂಗವಿಕಲರ ಮೂರು ಗಾಲಿಯ ಸೈಕಲ್ ಒಳಗೆ ಹೋಗುವುದಿಲ್ಲ, ಮತ್ತು ಈ ಪಥದ ಅಗತ್ಯ ಅವರಿಗಿಂತ ಹೆಚ್ಚು ಯಾರಿಗೂ ಇಲ್ಲ. ಕಂಬ ನೆಡುವ ಮೊದಲು ಅಂಥ ಒಂದು ಸೈಕಲನ್ನೇ ತಂದು ಹಾಯಿಸಿ ನೋಡಬೇಕು. 250 ವಾಟ್‌ಗಿಂತ ಕಡಿಮೆ ಶಕ್ತಿಯ, 25 ಕಿಲೋಮೀಟರ್ ವೇಗ ಮೀರದ ವಿದ್ಯುತ್ ಸೈಕಲ್‌ಗಳನ್ನು ಕೇಂದ್ರದ ನಿಯಮಗಳು ಮೋಟಾರು ವಾಹನವೆಂದು ಎಣಿಸುವುದಿಲ್ಲವಾದ್ದರಿಂದ ಅವನ್ನು ಪಥದಲ್ಲಿ ಬಿಡಬಹುದು. ವಿದ್ಯುತ್ ಸ್ಕೂಟರ್‌ಗಳನ್ನು ಬಿಡಬಾರದು. ಸೈಕಲ್‌ನವರೂ ಎದುರು ದಿಕ್ಕಿನಲ್ಲಿ ಬರುವುದನ್ನು, ರಾತ್ರಿ ದೀಪವಿಲ್ಲದೆ ಓಡಿಸುವುದನ್ನು ನಿಲ್ಲಿಸಬೇಕು. ಇದಕ್ಕೆ ದಂಡಕ್ಕಿಂತ ಶಾಲೆಗಳಲ್ಲಿ ಹೊಳೆಯುವ ಪಟ್ಟಿ ಅಂಟಿಸುವ ಕೆಲಸ ಹೆಚ್ಚು ಫಲ ಕೊಡುತ್ತದೆ.

ಹಣವಿಲ್ಲ ಎಂಬ ಉತ್ತರ ಬಂದರೆ ಒಪ್ಪಬೇಡಿ. ಪಾಲಿಕೆಯ ಸ್ವಂತ ರಸ್ತೆ ಅನುದಾನದ ಜೊತೆಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವಿದೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಹುಟ್ಟಿದ, ಗಣಿ ನಡೆಸುವವರು ಕಟ್ಟುವ ಹಣದಿಂದ ಗಣಿಬಾಧಿತ ಪ್ರದೇಶಗಳಿಗೆ ನೆರವಾಗುವ ಜಿಲ್ಲಾ ಖನಿಜ ಪ್ರತಿಷ್ಠಾನವೂ ಇದೆ. ಅದಿರು ಲಾರಿಗಳ ದೂಳು ಮತ್ತು ಅಪಾಯವನ್ನು ಉಂಡ ರಸ್ತೆಗಳಿಗೆ ಪ್ರತಿಷ್ಠಾನದ ನೆರವು ಕೇಳುವುದು ನ್ಯಾಯವಾದ ಬೇಡಿಕೆ. ಹೇಗೂ ಡಾಂಬರು ಹಾಕಲಿರುವ, ಚರಂಡಿ ಕಟ್ಟಲಿರುವ ರಸ್ತೆಯ ಅಂದಾಜಿನಲ್ಲೇ ಫುಟ್‌ಪಾತ್ ಮತ್ತು ಪಥವನ್ನು ಸೇರಿಸಿದರೆ ಹೆಚ್ಚುವರಿ ವೆಚ್ಚ ದೊಡ್ಡದಾಗುವುದಿಲ್ಲ. ರಸ್ತೆ ಮುಗಿದ ಮೇಲೆ ಅಗೆದು ಮಾಡಲು ಹೊರಟರೆ ಮಾತ್ರ ಅದು ಭಾರವಾಗುತ್ತದೆ.

ಮನವಿಯಲ್ಲಿ ಹೀಗೆ ಬರೆಯಿರಿ: ಬೆಂಗಳೂರು ರಸ್ತೆಯೂ ಸೇರಿದಂತೆ ಪೇಟೆಯ ಬೀದಿಗಳಲ್ಲಿ 30ರ ವೇಗಮಿತಿ, ಶಾಲೆ ಕಾಲೇಜುಗಳನ್ನು ಜೋಡಿಸುವ, 60 ಅಡಿಗೆ ಕಡಿಮೆಯಿಲ್ಲದ ಒಂದು ರಸ್ತೆಯಲ್ಲಿ ಸರ್ಕಲ್‌ಗಳೂ ಸೇರಿ ಪೂರ್ಣವಾದ ಪಥ, ಸಮಯ ನಿಗದಿಯಾದ ಲೋಡಿಂಗ್ ಜಾಗ, ಅರ್ಧ ಗಂಟೆಯ ಉಚಿತ ನಿಲುಗಡೆ. ಮೂರು ತಿಂಗಳ ಪ್ರಯೋಗವಾಗಿ ಇದನ್ನು ಜಾರಿಗೆ ತಂದು, ಪ್ರಯೋಗದ ಮೊದಲು ಮತ್ತು ನಂತರ ಸೈಕಲ್‌ಗಳನ್ನು, ಅಂಗಡಿಗೆ ಬಂದ ಗಿರಾಕಿಗಳನ್ನು, ಅಪಘಾತಗಳನ್ನು ಎಣಿಸಬೇಕೆಂದು ಕೇಳಿ. ಎಣಿಸುವವರಲ್ಲಿ ವ್ಯಾಪಾರಿಗಳ ಸಂಘದ ಇಬ್ಬರು ಇರಲೇಬೇಕು. ತಾವೇ ಬರೆದ ಅಂಕಿಗಳನ್ನು ಅವರು ನಂಬುತ್ತಾರೆ. ವ್ಯಾಪಾರ ನಿಜವಾಗಿಯೂ ಕುಸಿದರೆ ನಿಲುಗಡೆಯ ನಿಯಮ ಬದಲಿಸಬಹುದು, ಪಥವನ್ನು ಪಕ್ಕದ ರಸ್ತೆಗೆ ಸರಿಸಬಹುದು ಎಂಬ ಮಾತೂ ಅದರಲ್ಲಿರಲಿ. ವೇಗಮಿತಿಯನ್ನು ಮಾತ್ರ ಆ ಚೌಕಾಸಿಯಿಂದ ಹೊರಗಿಡಿ.